ನೇಪಾಳದ ಮಕ್ಕಳ ಜೊತೆ ಸೇವೆ, ಜೊತೆಗೆ ಹಳ್ಳಿ ಸುತ್ತಾಟ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಡಿಗ್ರಿ ಮುಗಿದಿದೆ, ಕೆಲಸ ಸಿಗೋವರೆಗೆ ಒಂದೆರಡು ತಿಂಗಳು ಬಿಡುವಿದೆ. ಇಲ್ಲವೇ ಸರ್ವಿಸ್‌ನಿಂದ ರಿಟೈರ್ ಆಗಿದ್ದೀರಿ, ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ಹೊರದೇಶಕ್ಕೆ ಹೋಗಿ ಅನಾಥ ಮಕ್ಕಳಿಗೆ ಏನಾದರೂ ಮಾಡೋಣ, ಹಾಗೇ ಅಲ್ಲಿಯ ಹಳ್ಳಿಗಾಡನ್ನೂ ನೋಡಿಕೊಂಡು ಬರೋಣ ಅನ್ನಿಸುತ್ತದೆ. ಒಳ್ಳೆಯ ಆಸೆ. ಆದರೆ ಈ ಆಸೆಯನ್ನೇ ಬಂಡವಾಳ ಮಾಡಿಕೊಂಡವರೂ ಬಹಳ ಜನ ಇದ್ದಾರೆ. ಅದಕ್ಕೇ ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ಪೂರ್ತಿ ಓದಿ.

ಇಲ್ಲಿ ನೇಪಾಳವನ್ನೇ ತೆಗೆದುಕೊಂಡಿದ್ದೇನೆ. ನಮಗೆ ವೀಸಾ ಬೇಡ, ಖರ್ಚು ಕಮ್ಮಿ, ಅಲ್ಪಸ್ವಲ್ಪ ಹಿಂದಿ ಬಂದರೆ ಮಾತು ನಡೆಯುತ್ತದೆ, ಊಟ ಒಗ್ಗುತ್ತದೆ. ಕಾಂಬೋಡಿಯಾ, ಕೀನ್ಯಾ ಅಂತ ಹೊರಟವರಿಗೂ ಮೊದಲ ಮೂರು ಹೆಜ್ಜೆ ಹಾಗೇ ಹೊಂದುತ್ತವೆ.

ಹೆಜ್ಜೆ 1: ಮಗುವಿನ ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ಕೇಳಿ

ತುಮಕೂರಿನ ಸಿದ್ಧಗಂಗಾ ಮಠ ಎಲ್ಲರಿಗೂ ಗೊತ್ತು. ಸಾವಿರಾರು ಮಕ್ಕಳು ಅಲ್ಲೇ ಉಂಡು, ಅಲ್ಲೇ ಮಲಗಿ, ಓದುತ್ತಾರೆ. ದುಡ್ಡು ಕೊಡಬೇಕಿಲ್ಲ. ಬಹುಪಾಲು ಹಳ್ಳಿಯ ಬಡ ಮನೆಗಳ ಮಕ್ಕಳು. ಅವರನ್ನು ಯಾರಾದರೂ ಅನಾಥರು ಅಂತಾರಾ? ಊರಲ್ಲಿ ಅಪ್ಪ ಅಮ್ಮ ಇದ್ದಾರೆ, ರಜ ಬಂತು ಅಂದರೆ ಟ್ರಂಕು ಹೊತ್ತು ಬಸ್ಸು ಹತ್ತುತ್ತಾರೆ. ಹಾಸ್ಟೆಲ್ ಬೇರೆ, ಅನಾಥಾಶ್ರಮ ಬೇರೆ ಅನ್ನೋದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು.

ನೇಪಾಳದಲ್ಲಿ ಈ ಗೆರೆಯನ್ನೇ ಅಳಿಸಿ ವ್ಯಾಪಾರ ಮಾಡಿದರು. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳ ಜೊತೆ ಯುದ್ಧ ನಡೆಯಿತು. ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಲ್ಲಿ ಮಕ್ಕಳನ್ನು ಪಡೆಗೆ ಸೇರಿಸಿಕೊಂಡು ಹೋಗುವ ಭಯ. ಆಗ ದಲ್ಲಾಳಿಗಳು ಬಂದರು. ‘ಮಗುವನ್ನು ಕಠ್ಮಂಡುವಿನ ಒಳ್ಳೆ ಸ್ಕೂಲಿಗೆ ಸೇರಿಸುತ್ತೇವೆ’ ಅಂದರು. ಅಪ್ಪ ಅಮ್ಮ ಇದ್ದಬದ್ದ ದುಡ್ಡು ಕೊಟ್ಟು ಕಳಿಸಿದರು. ಪೇಟೆಗೆ ಬಂದ ಮಗುವಿನ ಹೆಸರಲ್ಲಿ ಸುಳ್ಳು ಕಾಗದ ಹುಟ್ಟಿತು, ಬದುಕಿರುವ ಅಪ್ಪ ಅಮ್ಮ ಕಾಗದದಲ್ಲಿ ಸತ್ತರು. ಯುದ್ಧ ಮುಗಿದರೂ ಈ ದಂಧೆ ನಿಲ್ಲಲಿಲ್ಲ. ನೇಪಾಳದ ಆಶ್ರಮಗಳಲ್ಲಿರುವ ಮಕ್ಕಳಲ್ಲಿ 100ಕ್ಕೆ 85 ಮಂದಿಗೆ ತಾಯಿ ತಂದೆಯರಲ್ಲಿ ಒಬ್ಬರಾದರೂ ಬದುಕಿದ್ದಾರೆ ಅಂತ ಯುನಿಸೆಫ್ ಹೇಳಿದೆ. ಇಂಥ ಆಶ್ರಮಗಳು ಹೆಚ್ಚಾಗಿ ಎಲ್ಲಿವೆ ನೋಡಿ: ಕಠ್ಮಂಡು ಕಣಿವೆ, ಪೊಖರಾ, ಚಿತ್ವನ್. ಎಲ್ಲವೂ ಪ್ರವಾಸಿಗರು ಓಡಾಡುವ ಜಾಗ. ಬಡತನ ಇರುವುದು ಬೆಟ್ಟದ ಮೇಲೆ, ಆಶ್ರಮ ಇರುವುದು ವಿದೇಶಿಯರು ಇಳಿಯುವ ಹೋಟೆಲ್ ಪಕ್ಕದಲ್ಲಿ. ಇಷ್ಟು ಗೊತ್ತಾದರೆ ಉಳಿದದ್ದು ತಾನೇ ಅರ್ಥವಾಗುತ್ತದೆ.

2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಆದಾಗ ನೇಪಾಳ ಸರ್ಕಾರ ಅನುಮತಿ ಇಲ್ಲದೆ ಮಕ್ಕಳನ್ನು ಜಿಲ್ಲೆ ದಾಟಿಸುವುದನ್ನೇ ನಿಲ್ಲಿಸಬೇಕಾಯಿತು. ಇದು ನೇಪಾಳದ ಕತೆ ಮಾತ್ರವೂ ಅಲ್ಲ. ಕಾಂಬೋಡಿಯಾದಲ್ಲಿ ‘ಮಕ್ಕಳು ಪ್ರವಾಸಿ ತಾಣವಲ್ಲ’ ಅಂತಲೇ ಪ್ರಚಾರ ಮಾಡಿದರು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಆಶ್ರಮ ತುಂಬಿಸಲು ಮಕ್ಕಳನ್ನು ಸಾಗಿಸುವುದನ್ನೂ ಅದರಡಿ ಗುರುತಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಶ್ರಮಗಳಲ್ಲಿ ಸ್ವಯಂಸೇವೆಯಿಂದ ಆಗುವ ಕೆಡುಕನ್ನು ಪ್ರಸ್ತಾಪಿಸಿತು.

ಆಶ್ರಮ ನಿಜವಾದದ್ದೇ ಆದರೂ ಇನ್ನೊಂದು ತೊಂದರೆ ಇದೆ. ನೀವು ಗೇಟಿನೊಳಗೆ ಕಾಲಿಟ್ಟ ತಕ್ಷಣ ನಾಲ್ಕು ವರ್ಷದ ಮಗು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತದೆ. ಹೆಸರೂ ಕೇಳದೆ ಮಡಿಲೇರುತ್ತದೆ. ಎಷ್ಟು ಪ್ರೀತಿ ಅನ್ನಿಸುತ್ತದೆ. ನಮ್ಮ ಮನೆಯ ನಾಲ್ಕು ವರ್ಷದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ, ಅಲ್ವಾ? ಅದು ಸರಿಯಾಗಿ ಬೆಳೆಯುತ್ತಿರುವ ಮಗುವಿನ ಲಕ್ಷಣ. ಗುರುತಿಲ್ಲದವರಿಗೆ ಅಂಟಿಕೊಳ್ಳುವುದು ನೆಚ್ಚಿಕೊಂಡವರು ಮೇಲಿಂದ ಮೇಲೆ ಬಿಟ್ಟುಹೋದ ಮಗುವಿನಲ್ಲಿ ಕಾಣುವ ಲಕ್ಷಣ. ನೀವೂ ಎರಡು ವಾರ ಎತ್ತಿ ಆಡಿಸಿ ಹೊರಟರೆ ಬಿಟ್ಟುಹೋದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ, ಅಷ್ಟೇ.

ಹಾಗಾದರೆ ಹೋಗಲೇಬಾರದಾ? ಹೋಗಿ. ಆಶ್ರಮಕ್ಕೆ ಬೇಡ. ಮಗು ಮನೆಯಲ್ಲೇ ಉಳಿದು ಓದಲು ಏನೇನು ಬೇಕೋ ಅಂಥ ಕೆಲಸಕ್ಕೆ ಹೋಗಿ. ಹಳ್ಳಿಯ ಸರ್ಕಾರಿ ಶಾಲೆ, ಸಂಜೆ ಪಾಠ, ಮಕ್ಕಳನ್ನು ಹುಡುಕಿ ಮನೆಗೆ ಸೇರಿಸುವ ಸಂಸ್ಥೆಯ ಆಫೀಸು, ತಾಯಂದಿರ ಉಳಿತಾಯ ಸಂಘ, ಹೊಲಗದ್ದೆ. ನನ್ನ ಪ್ರಕಾರ ಅನಾಥ ಮಕ್ಕಳಿಗೆ ಹೊರಗಿನವರು ಮಾಡಬಹುದಾದ ದೊಡ್ಡ ಸಹಾಯ ಅಂದರೆ ಹೊಸದಾಗಿ ಯಾವ ಮಗುವೂ ‘ಅನಾಥ’ ಆಗದಂತೆ ನೋಡಿಕೊಳ್ಳುವುದು.

ಹೆಜ್ಜೆ 2: ನಿಮಗೆ ಏನು ಬರುತ್ತದೆ, ಊರಲ್ಲೇ ಪರೀಕ್ಷೆ ಮಾಡಿ

‘ಮಕ್ಕಳೆಂದರೆ ಇಷ್ಟ’ ಅನ್ನೋದು ಅರ್ಹತೆಯಲ್ಲ. ಗಣಿತ ಪಾಠ ಮಾಡಬಲ್ಲಿರಾ? ಕಂಪ್ಯೂಟರ್ ರಿಪೇರಿ? ಲೆಕ್ಕಪತ್ರ? ಹೊಲಿಗೆ? ವೈರಿಂಗ್, ನಲ್ಲಿ ಕೆಲಸ? ಬೆಟ್ಟದ ಮೇಲಿನ ಶಾಲೆಗೆ ಕೆಟ್ಟ ನಲ್ಲಿ ಸರಿಮಾಡುವವರು ಬಂದರೆ ಹಾಡು ಹೇಳಿಕೊಡುವವರಿಗಿಂತ ಜಾಸ್ತಿ ಉಪಯೋಗ.

ನಮ್ಮ ಮೂರು ಜಿಲ್ಲೆಯವರ ಹತ್ತಿರ ಇನ್ನೊಂದು ವಿದ್ಯೆ ಇದೆ, ಅದನ್ನು ನಾವೇ ವಿದ್ಯೆ ಅಂತ ಲೆಕ್ಕಕ್ಕೆ ಇಡುವುದಿಲ್ಲ. ಕಮ್ಮಿ ನೀರಲ್ಲಿ ಬೆಳೆ ತೆಗೆಯೋದು. ಡ್ರಿಪ್ ಪೈಪು ಎಳೆಯೋದು, ಕೃಷಿ ಹೊಂಡ ತೋಡಿಸೋದು, ಎರಡು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕಿ ಮನೆ ತೂಗಿಸೋದು, ಹಿಪ್ಪುನೇರಳೆ ಬೆಳೆದು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಒಯ್ಯೋದು. ನೇಪಾಳದ ಬೆಟ್ಟದ ಹಳ್ಳಿಯಲ್ಲಿ ಗಂಡಸರು ಕೊಲ್ಲಿ ದೇಶಗಳಿಗೋ ಮಲೇಷ್ಯಾಕ್ಕೋ ದುಡಿಯಲು ಹೋಗಿರುತ್ತಾರೆ. ಹೆಂಗಸರು ಒಬ್ಬರೇ ಬೇಸಾಯ ನೋಡುತ್ತಾರೆ. ಆ ಮನೆಗೆ ತಿಂಗಳಿಗೆ ನಾಲ್ಕು ಕಾಸು ಜಾಸ್ತಿ ಬಂದರೆ ದಲ್ಲಾಳಿಯ ಮಾತಿಗೆ ಮಗುವನ್ನು ಕಳಿಸುವ ಗತಿ ಬರುವುದಿಲ್ಲ. ಟೊಮೆಟೊ ತೋಟದ ಅನುಭವಕ್ಕೂ ಅನಾಥಾಶ್ರಮಕ್ಕೂ ಇರುವ ಸಂಬಂಧ ಇದು.

ಹೋಗುವ ಮೊದಲು ಕೆಲವು ವಾರ ಇಲ್ಲೇ ಕೆಲಸ ಮಾಡಿ ನೋಡಿ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಾರಕ್ಕೆ ಎರಡು ಸಂಜೆ ಪಾಠ ಮಾಡಿ. ಹೋಬಳಿಯ ಬಿಸಿಎಂ ಹಾಸ್ಟೆಲ್ ವಾರ್ಡನ್ನನ್ನು ಕೇಳಿ. ಬಾಲಮಂದಿರದಲ್ಲಿ ಏನಾದರೂ ಮಾಡಬೇಕು ಅಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ಸುಮ್ನೆ ಬಿಸ್ಕತ್ ಪ್ಯಾಕೆಟ್ ಹಿಡಿದು ಗೇಟಿಗೆ ಹೋಗಬೇಡಿ. ಮೂರನೇ ವಾರಕ್ಕೇ ಬೇಸರ ಬಂದರೆ ನೇಪಾಳದಲ್ಲೂ ಅಷ್ಟೇ. ಗೊತ್ತಾದದ್ದು ಒಳ್ಳೆಯದಾಯಿತು ಅಂದುಕೊಂಡು ಪ್ರವಾಸಕ್ಕೆ ಮಾತ್ರ ಹೋಗಿ ಬನ್ನಿ, ಅದರಲ್ಲಿ ಯಾವ ತಪ್ಪೂ ಇಲ್ಲ.

ಹೆಜ್ಜೆ 3: ಸಂಸ್ಥೆಯನ್ನು ಜರಡಿ ಹಿಡಿಯಿರಿ

ಇದಕ್ಕೆ ಎಷ್ಟು ಸಮಯ ಹಿಡಿದರೂ ಹಿಡಿಯಲಿ. ಇಮೇಲ್‌ನಲ್ಲೋ ವಿಡಿಯೊ ಕರೆಯಲ್ಲೋ ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ. ಹೆಣ್ಣು ಕೊಡುವಾಗ ಎಷ್ಟು ವಿಚಾರಿಸುತ್ತೇವೆ, ಅಷ್ಟಾದರೂ ವಿಚಾರಿಸಿ.

ಮಕ್ಕಳನ್ನು ತನ್ನಲ್ಲಿ ಇಟ್ಟುಕೊಂಡಿರುವ ಸಂಸ್ಥೆಯಾದರೆ ನಾನು ಮೊದಲು ಕೇಳುವ ಪ್ರಶ್ನೆ: ‘ದಶೈಂ ಹಬ್ಬಕ್ಕೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ?’ ನಮ್ಮ ದಸರಾ ಹೊತ್ತಿಗೇ ಬರುವ ಈ ಹಬ್ಬ ನೇಪಾಳದಲ್ಲಿ ಎಲ್ಲಕ್ಕಿಂತ ದೊಡ್ಡದು. ಎಲ್ಲಿದ್ದರೂ ಜನ ಊರಿಗೆ ಹೋಗಿ ಹಿರಿಯರ ಕೈಯಿಂದ ಹಣೆಗೆ ಟಿಕಾ ಇಡಿಸಿಕೊಳ್ಳುತ್ತಾರೆ. ಒಳ್ಳೆಯ ಸಂಸ್ಥೆಯಾದರೆ ‘ಇಷ್ಟು ಮಕ್ಕಳು ಮನೆಗೆ ಹೋಗುತ್ತಾರೆ, ಇಷ್ಟು ಜನರನ್ನು ಚಿಕ್ಕಪ್ಪನ ಮನೆಗೆ ಕಳಿಸುತ್ತೇವೆ, ಈ ಇಬ್ಬರ ಸಂಬಂಧಿಕರನ್ನು ಇನ್ನೂ ಹುಡುಕುತ್ತಿದ್ದೇವೆ’ ಅಂತ ಲೆಕ್ಕ ಕೊಡುತ್ತದೆ. ‘ಎಲ್ಲರೂ ಇಲ್ಲೇ ಇರುತ್ತಾರೆ, ನೀವೂ ಬನ್ನಿ, ಹಬ್ಬ ಆಚರಿಸೋಣ’ ಅಂದರೆ ಫೋನ್ ಇಡಿ.

ಆಮೇಲೆ ನೋಂದಣಿ. ನೇಪಾಳದಲ್ಲಿ ವಿದೇಶಿ ನೆರವು ಪಡೆಯುವ ಸಂಸ್ಥೆಗಳು ಅಲ್ಲಿಯ ಸಮಾಜ ಕಲ್ಯಾಣ ಪರಿಷತ್ತಿನ ಲೆಕ್ಕಕ್ಕೆ ಬರುತ್ತವೆ. ಶಾಲೆಗಳು ಸ್ಥಳೀಯ ಪಾಲಿಕೆಯ ಕೈಯಲ್ಲಿವೆ. ಹಳ್ಳಿಯಲ್ಲಾದರೆ ಗಾಂವ್‌ಪಾಲಿಕಾ ಅನ್ನುತ್ತಾರೆ. ನೀವು ಬರುವುದು ಪಾಲಿಕೆಗೆ ಗೊತ್ತಿದೆಯಾ, ಒಪ್ಪಿಗೆ ಪತ್ರ ಇದೆಯಾ ಅಂತ ಕೇಳಿ. ನಮಗೆ ವೀಸಾ ಬೇಡ ಅಂದ ಮಾತ್ರಕ್ಕೆ ಅವರಿಗೆ ಅನುಮತಿ ಬೇಡ ಅಂತಲ್ಲ.

ಮಕ್ಕಳ ರಕ್ಷಣೆಗೆ ಬರೆದಿಟ್ಟ ನಿಯಮ ಇದೆಯಾ ಕೇಳಿ, ಓದಲು ಕಳಿಸಿ ಅನ್ನಿ. ಅವರು ನಿಮ್ಮಿಂದ ಪೊಲೀಸ್ ಪರಿಶೀಲನಾ ಪತ್ರ ಕೇಳುತ್ತಾರಾ ಗಮನಿಸಿ. ಕೇಳಿದರೆ ಕಿರಿಕಿರಿ ಅಂದುಕೊಳ್ಳಬೇಡಿ, ಖುಷಿಪಡಿ. ‘ಯಾವಾಗ ಬೇಕಾದರೂ ಬನ್ನಿ, ಏನೂ ಬೇಡ, ಫೀಸು ಕಟ್ಟಿದರೆ ಸಾಕು’ ಅನ್ನುವವರು ನಿಮ್ಮನ್ನು ಹೇಗೆ ಬಿಟ್ಟುಕೊಂಡರೋ ಇನ್ನೊಬ್ಬನನ್ನೂ ಹಾಗೇ ಬಿಟ್ಟುಕೊಂಡಿರುತ್ತಾರೆ.

ಫೀಸು ತೆಗೆದುಕೊಳ್ಳುವುದೇ ತಪ್ಪು ಅನ್ನುವುದಿಲ್ಲ. ನಿಮ್ಮ ಊಟ, ವಾಸ, ನಿಮ್ಮ ಹಿಂದೆ ಓಡಾಡುವ ಒಬ್ಬರ ಸಂಬಳ, ಇದಕ್ಕೆಲ್ಲ ದುಡ್ಡು ಬೇಕು. ಆದರೆ ಬಿಡಿಸಿ ಲೆಕ್ಕ ಕೊಡಬೇಕು. ಇನ್ನೊಂದು ಗುರುತು: ಅವರ ಜಾಹೀರಾತಿನಲ್ಲಿ ಮಕ್ಕಳ ಅಳುಮುಖ, ಹೆಸರು, ‘ಅಪ್ಪ ಸತ್ತ, ಅಮ್ಮ ಓಡಿಹೋದಳು’ ಅನ್ನುವ ಕತೆ ಇದ್ದರೆ ದೂರ ಇರಿ. ನಮ್ಮ ಮನೆಯ ಮಗುವಿನ ಸಂಕಟವನ್ನು ಯಾರಾದರೂ ಹೀಗೆ ಬೀದಿಗೆ ಹಾಕಿದರೆ ಸುಮ್ಮನಿರುತ್ತೇವಾ?

ಕೊನೆಗೆ, ನಿಮ್ಮಿಂದ ಅಲ್ಲಿಯವರ ಕೆಲಸ ಹೋಗುತ್ತದಾ? ಶಾಲೆಯಲ್ಲಿ ಮೇಷ್ಟ್ರು ಇದ್ದೂ ನೀವು ಬಂದಿರಿ ಅಂತ ಅವರಿಗೆ ರಜ ಕೊಟ್ಟರೆ ಅದು ಸೇವೆಯಲ್ಲ. ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಏರ್ಪಾಡು ಇರಲಿ.

ಹೆಜ್ಜೆ 4: ಕಾಗದ ಪತ್ರ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. 1950ರ ಒಪ್ಪಂದದಿಂದ ಬಂದ ಸವಲತ್ತು ಇದು. ಆದರೆ ಗುರುತಿನ ದಾಖಲೆ ಬೇಕು. ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ, ಅದೂ ಒರಿಜಿನಲ್. ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದವರಿಗೆ ಆಧಾರ್ ನಡೆಯುವುದಿಲ್ಲ. ಏರ್‌ಪೋರ್ಟ್ ಕೌಂಟರಿನಲ್ಲಿ ಆಧಾರ್ ತೋರಿಸಿ ಜಗಳ ಆಡಿ ವಾಪಸ್ ಬರುವುದು ಬೇಡ.

ಪಾಸ್‌ಪೋರ್ಟ್ ಮಾಡಿಸಿಕೊಂಡರೇ ಒಳ್ಳೆಯದು. ಸಾಮಾನ್ಯ 36 ಪುಟದ್ದಕ್ಕೆ ಫೀಸು 1,500 ರೂಪಾಯಿ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಹತ್ತಿರದ ಕೇಂದ್ರ ಆರಿಸಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೂ ಅಲ್ಲೇ ಅರ್ಜಿ ಹಾಕಬಹುದು, ಅದಕ್ಕೆ 500 ರೂಪಾಯಿ. ಠಾಣೆಯಿಂದ ವಿಚಾರಣೆಗೆ ಬರುತ್ತಾರೆ, ಅದಕ್ಕೇ ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಬೇರೆ ದೇಶಕ್ಕೆ ಹೊರಟವರಿಗೆ ಒಂದು ಮಾತು: ಟೂರಿಸ್ಟ್ ವೀಸಾದಲ್ಲಿ ಸ್ವಯಂಸೇವೆ ಮಾಡುವುದು ಎಷ್ಟೋ ಕಡೆ ಕಾನೂನಿಗೆ ವಿರುದ್ಧ. ಸಂಬಳ ಇಲ್ಲ ಅನ್ನುವುದು ಉತ್ತರವಾಗುವುದಿಲ್ಲ. ಕೀನ್ಯಾ, ಉಗಾಂಡಾ ಕಡೆಯಾದರೆ ಹಳದಿ ಜ್ವರದ ಲಸಿಕೆ ಬೇಕು. ಹಾಕಿಸಿ 10 ದಿನ ಆದ ಮೇಲೆ ಆ ಪತ್ರಕ್ಕೆ ಬೆಲೆ ಬರುತ್ತದೆ.

ಹೆಜ್ಜೆ 5: ಯಾವಾಗ, ಹೇಗೆ

ಅಕ್ಟೋಬರ್, ನವೆಂಬರ್ ಆಕಾಶ ತಿಳಿಯಾಗಿರುತ್ತದೆ. ಆದರೆ ದಶೈಂ, ಅದಾದ ಮೇಲೆ ನಮ್ಮ ದೀಪಾವಳಿಯ ಹೊತ್ತಿಗೆ ತಿಹಾರ್ ಅಂತ ಶಾಲೆಗೆ ರಜ ಮೇಲೆ ರಜ. ಪಾಠದ ಕೆಲಸಕ್ಕೆ ಹೋಗಿ ಬಾಗಿಲು ನೋಡಿಕೊಂಡು ಕೂರಬೇಕಾಗುತ್ತದೆ. ಅವರ ಪಂಚಾಂಗದ ವರ್ಷ ವೈಶಾಖದಲ್ಲಿ, ಅಂದರೆ ಏಪ್ರಿಲ್ ಮಧ್ಯದಲ್ಲಿ ಶುರು. ಶಾಲೆಯ ವರ್ಷವೂ ಆಗಲೇ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಗುಡ್ಡ ಕುಸಿಯುತ್ತದೆ, ರಸ್ತೆ ಮುಚ್ಚುತ್ತದೆ, ಕಾಡಿನ ದಾರಿಯಲ್ಲಿ ಜಿಗಣೆ. ಪಾಠಕ್ಕಾದರೆ ನವೆಂಬರ್ ಕೊನೆಯಿಂದ ಫೆಬ್ರುವರಿ ಒಳ್ಳೆಯದು ಅನ್ನುತ್ತೇನೆ. ಚಳಿ ಇರುತ್ತದೆ, ಎತ್ತರದ ಊರಿನ ಶಾಲೆಗಳಿಗೆ ಚಳಿಗಾಲದ ರಜ ಇರಬಹುದು, ಅದನ್ನು ಕೇಳಿಕೊಳ್ಳಿ. ಬೇಸಾಯದ ಕೆಲಸಕ್ಕೆ ಹೊರಟವರು ಮಾತ್ರ ಮಳೆಗಾಲದಲ್ಲೇ ಹೋಗಬೇಕು. ಜೂನ್ ಕೊನೆಯಲ್ಲಿ ಬರುವ ಆಷಾಢದ 15ನೇ ದಿನ ಊರೆಲ್ಲ ಗದ್ದೆಗಿಳಿದು ನಾಟಿ ಮಾಡಿ, ಮೊಸರು ಅವಲಕ್ಕಿ ತಿನ್ನುತ್ತಾರೆ.

ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ಏರ್‌ಪೋರ್ಟು ಪಕ್ಕದಲ್ಲೇ. ದೆಹಲಿ ಮೇಲೆ ಕಠ್ಮಂಡುವಿಗೆ ಹೋಗಬಹುದು. ದುಡ್ಡು ಉಳಿಸಬೇಕು, ಸಮಯ ಇದೆ ಅನ್ನುವವರು ಯಶವಂತಪುರದಲ್ಲಿ ಗೋರಖ್‌ಪುರದ ರೈಲು ಹತ್ತಿ. ಹತ್ತಿರ ಹತ್ತಿರ ಎರಡು ದಿನದ ಪ್ರಯಾಣ. ಅಲ್ಲಿಂದ ಬಸ್ಸಲ್ಲಿ ಸೋನೌಲಿ ಗಡಿ, ನಡೆದು ದಾಟಿದರೆ ನೇಪಾಳ. ಬುದ್ಧ ಹುಟ್ಟಿದ ಲುಂಬಿನಿ ಅಲ್ಲಿಂದ ದೂರವಿಲ್ಲ. ಒಂದು ರಾತ್ರಿ ಅಲ್ಲೇ ತಂಗಿ ಸುಧಾರಿಸಿಕೊಳ್ಳಿ. ಬೆಟ್ಟದ ರಸ್ತೆಯಲ್ಲಿ ರಾತ್ರಿ ಬಸ್ಸು ಮಾತ್ರ ಬೇಡ. ಎಷ್ಟು ಅವಸರ ಇದ್ದರೂ ಬೇಡ.

ಗಡಿಯಾರ 15 ನಿಮಿಷ ಮುಂದಿಟ್ಟುಕೊಳ್ಳಿ. ವಾರದ ರಜ ಅಲ್ಲಿ ಶನಿವಾರ.

ಹೆಜ್ಜೆ 6: ದುಡ್ಡು

ನಮ್ಮ 100 ರೂಪಾಯಿ ಅಂದರೆ ಅವರ 160. ಈ ಲೆಕ್ಕ 1993ರಿಂದ ಬದಲಾಗಿಲ್ಲ. ನಮ್ಮ 100ರ ನೋಟು ಸಲೀಸಾಗಿ ನಡೆಯುತ್ತದೆ. ಅದಕ್ಕಿಂತ ದೊಡ್ಡ ನೋಟಿನ ನಿಯಮ ಆಗಾಗ ಬದಲಾಗಿದೆ, ಹೊರಡುವ ವಾರ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. 2024ರಿಂದ ಫೋನ್‌ಪೇ ಥರವೇ ಹೆಸರಿರುವ ಅಲ್ಲಿಯ ‘ಫೋನೆಪೇ’ ಕ್ಯೂಆರ್‌ಗೆ ನಮ್ಮ ಯುಪಿಐನಿಂದ ದುಡ್ಡು ಹಾಕಬಹುದು. ಪೇಟೆಯಲ್ಲಿ ಇದು ಸಾಕು. ಹಳ್ಳಿಗೆ ಚಿಲ್ಲರೆ ಇಟ್ಟುಕೊಳ್ಳಿ. ಬೆಲೆ ಕೇಳುವಾಗ ‘ಐಸಿಯಾ, ಎನ್‌ಸಿಯಾ’ ಅಂತ ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ. ಇದೊಂದು ಕೇಳದಿದ್ದರೆ ಒಂದೂವರೆ ಪಟ್ಟು ಕೊಡುತ್ತೀರಿ.

ಪ್ರಯಾಣ ವಿಮೆ ಮಾಡಿಸಿ. ಬೆಟ್ಟ ಹತ್ತುವವರಾದರೆ ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವ ಖರ್ಚೂ ಅದರಲ್ಲಿ ಇರಲಿ.

ಹೆಜ್ಜೆ 7: ಕಾಲಿಗೆ ಸಾಮು

ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ. ನಂದಿಬೆಟ್ಟದ ತುದಿ 1,478 ಮೀಟರ್. ಅಂದರೆ ನಾವು ಭಾನುವಾರ ಬೆಳಗ್ಗೆ ಮಂಜು ನೋಡಲು ಹೋಗುವ ಎತ್ತರದಲ್ಲಿ ಅವರ ರಾಜಧಾನಿಯೇ ಇದೆ. ಅಲ್ಲಿವರೆಗೆ ಉಸಿರಿಗೆ ಏನೂ ತೊಂದರೆ ಇಲ್ಲ. ಹಳ್ಳಿ ಶಾಲೆಗೆ ಮಾತ್ರ ದಿನಾ ಮೆಟ್ಟಿಲು ಹತ್ತಿ ಇಳಿಯಬೇಕು. ಹೊರಡುವ ಎರಡು ತಿಂಗಳ ಮೊದಲೇ ಶುರು ಮಾಡಿ: ಸುಲ್ತಾನಪೇಟೆ ಕಡೆಯಿಂದ ನಂದಿಯ ಮೆಟ್ಟಿಲು, ಕೋಲಾರದವರಿಗೆ ಅಂತರಗಂಗೆ, ತುಮಕೂರಿನವರಿಗೆ ದೇವರಾಯನದುರ್ಗ, ಮಂಡಿ ಗಟ್ಟಿ ಇದ್ದರೆ ಮಧುಗಿರಿಯ ಏಕಶಿಲೆ. ಹತ್ತುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ. ಮಂಡಿ ಕೈಕೊಡುವುದು ಇಳಿಯುವಾಗಲೇ.

ಟೈಫಾಯ್ಡ್, ಹೆಪಟೈಟಿಸ್-ಎ, ಧನುರ್ವಾಯು ಲಸಿಕೆ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ದೂರದ ಹಳ್ಳಿಗಾದರೆ ರೇಬಿಸ್ ಬಗ್ಗೆಯೂ ಕೇಳಿ. ಅಲ್ಲಿ ಬೀದಿನಾಯಿ ನಮ್ಮಲ್ಲಿಗಿಂತ ಕಮ್ಮಿಯೇನಿಲ್ಲ, ಆಸ್ಪತ್ರೆ ಮಾತ್ರ ದೂರ.

ಹೆಜ್ಜೆ 8: ಮಕ್ಕಳ ಜೊತೆ

ಮಕ್ಕಳು ನಿಮ್ಮನ್ನು ದಾಯಿ, ದೀದಿ ಅನ್ನುತ್ತಾರೆ. ಅಣ್ಣ, ಅಕ್ಕ ಅಂದಂತೆ. ವಯಸ್ಸಾದವರಾದರೆ ಸರ್, ಮಿಸ್. ಮೊದಲ ವಾರ ಪಾಠ ಮಾಡಬೇಡಿ. ಹಿಂದಿನ ಬೆಂಚಿನಲ್ಲಿ ಕೂತು ಅಲ್ಲಿಯ ಮೇಷ್ಟ್ರು ಹೇಗೆ ಪಾಠ ಮಾಡುತ್ತಾರೆ ನೋಡಿ. ಆಮೇಲೆ ಅವರು ಯಾವ ಪಾಠದಲ್ಲಿ ಕಷ್ಟಪಡುತ್ತಿದ್ದಾರೋ ಅದಕ್ಕೆ ಕೈಜೋಡಿಸಿ.

ಕೆಲವು ವಿಷಯದಲ್ಲಿ ರಾಜಿ ಬೇಡ. ಒಂದೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬೇಡಿ. ಸ್ನಾನ, ಶೌಚ, ಮಲಗಿಸುವುದು ನಿಮ್ಮ ಕೆಲಸವಲ್ಲ. ‘ನಿನ್ನ ಅಪ್ಪ ಅಮ್ಮ ಹೇಗೆ ತೀರಿಕೊಂಡರು’ ಅಂತ ಎಂದೂ ಕೇಳಬೇಡಿ. ಅದನ್ನು ಹೇಳಿ ಹೇಳಿ ಮಗುವಿಗೆ ಬಾಯಿಪಾಠ ಆಗಿರುತ್ತದೆ, ಹೇಳಿದ ಪ್ರತಿ ಸಲ ಗಾಯ ಕೆರೆದಂತೆ. ‘ಮುಂದಿನ ವರ್ಷ ಬರುತ್ತೇನೆ’ ಅನ್ನಬೇಡಿ. ನಾವು ಬಾಯಿಮಾತಿಗೆ ಅಂದುಬಿಡುತ್ತೇವೆ, ಮಗು ದಿನ ಎಣಿಸುತ್ತದೆ.

ಉಡುಗೊರೆ ಒಬ್ಬರಿಗೆ ಕೊಡಬೇಡಿ. ಕೊಡೋದಾದರೆ ಶಾಲೆಗೆ ಕೊಡಿ: ಚೆಂಡು, ಗ್ಲೋಬು, ನೇಪಾಳಿ ಪುಸ್ತಕ. ಹಿಂದಿ, ಇಂಗ್ಲಿಷ್ ಪುಸ್ತಕ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಪೇಟೆಯಲ್ಲಿ ಅವರ ಭಾಷೆಯ ಪುಸ್ತಕ ಸಿಗುತ್ತದೆ. ಅಂಗಡಿಯವನಿಗೂ ವ್ಯಾಪಾರ ಆಗುತ್ತದೆ.

ಫೋಟೊ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಮಗುವಿನ ಮುಖ ಕಾಣುವ ಚಿತ್ರ ಸ್ಟೇಟಸ್‌ಗೆ ಹಾಕಲೇಬಾರದು. ಶಾಲೆಯ ಗೋಡೆ, ಬೆಟ್ಟ, ನಿಮ್ಮ ಬೂಟು, ಏನು ಬೇಕಾದರೂ ಹಾಕಿ. ಮಗುವಿನ ಚಿತ್ರ ಊರ ಹೆಸರಿನ ಸಮೇತ ನಾಲ್ಕು ಜನರ ಮೊಬೈಲಿಗೆ ಹೋದರೆ ಅದು ಯಾರ ಕೈಗೆ ಸಿಗುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ.

ಏನಾದರೂ ಸರಿ ಕಾಣದಿದ್ದರೆ? ಮಕ್ಕಳ ಮೈಮೇಲೆ ಏಟಿನ ಗುರುತು, ಶಾಲೆ ಬಿಡಿಸಿ ಅತಿಥಿಗಳ ಮುಂದೆ ಕುಣಿಸುವುದು, ಕೊಟ್ಟ ಅಕ್ಕಿ ಅಂಗಡಿಗೆ ಹೋಗುವುದು. ಅಲ್ಲೇ ಕೂಗಾಡಬೇಡಿ. ದಿನಾಂಕ ಹಾಕಿ ಬರೆದಿಟ್ಟುಕೊಂಡು 1098ಕ್ಕೆ ಕರೆ ಮಾಡಿ. ನಮ್ಮಲ್ಲಿಯ ಮಕ್ಕಳ ಸಹಾಯವಾಣಿ ನಂಬರೇ ಅಲ್ಲಿಯೂ ಇದೆ. ನಿಮಗೇ ತೊಂದರೆಯಾದರೆ ಪೊಲೀಸ್ 100, ಪ್ರವಾಸಿ ಪೊಲೀಸ್ 1144, ಆಂಬುಲೆನ್ಸ್ 102.

ಹೆಜ್ಜೆ 9: ಶನಿವಾರದ ಸುತ್ತಾಟ

ಕಠ್ಮಂಡು ಹತ್ತಿರ ಇದ್ದರೆ ಮೊದಲು ಈ ದಾರಿ ಹಿಡಿಯಿರಿ: ಬಸ್ಸಲ್ಲಿ ಧುಲಿಖೇಲ್, ಅಲ್ಲಿಂದ ಹಳ್ಳಿಗಳ ನಡುವೆ ನಡೆದು ನಮೋಬುದ್ಧ. ಹಸಿದ ಹೆಣ್ಣುಹುಲಿಗೆ ರಾಜಕುಮಾರ ತನ್ನ ಮೈಯನ್ನೇ ಕೊಟ್ಟ ಕತೆ ಹೇಳುವ ಜಾಗ. ಅಲ್ಲಿಂದ ಇಳಿದರೆ ಪನೌತಿ, ನೇವಾರ್ ಸಮುದಾಯದವರ ಹಳೆಯ ಪಟ್ಟಣ. ಅಲ್ಲಿ ಹೆಂಗಸರೇ ಸೇರಿ ಹೋಂಸ್ಟೇ ನಡೆಸುತ್ತಾರೆ. ರಾತ್ರಿ ಅಲ್ಲೇ ಉಳಿದರೆ ದುಡ್ಡು ನೇರ ಮನೆಯೊಡತಿಯ ಕೈಗೆ.

ಪೊಖರಾ ಕಡೆ ಹೊರಟವರು ದಾರಿಯಲ್ಲಿ ದುಮ್ರೆಯಲ್ಲಿ ಇಳಿದು ಬಂದಿಪುರ ಅನ್ನುವ ಬೆಟ್ಟದ ಊರಿಗೆ ಹತ್ತಿ. ಹಳ್ಳಿಯಲ್ಲೇ ನಾಲ್ಕು ದಿನ ಇರಬೇಕು ಅಂದರೆ ಸ್ಯಾಂಗ್ಜಾ ಜಿಲ್ಲೆಯ ಸಿರುಬಾರಿ. ನೇಪಾಳದಲ್ಲಿ ಹಳ್ಳಿ ಹೋಂಸ್ಟೇ ಶುರುವಾದದ್ದು ಅಲ್ಲೇ, 1997ರಲ್ಲಿ. ಸುಮಾರು 2,000 ಮೀಟರ್ ಎತ್ತರದಲ್ಲಿರುವ, ಗುರುಂಗ್ ಸಮುದಾಯದವರ ಹಳ್ಳಿ ಘಾಂದ್ರುಕ್ ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗಿದೆ, ಅದಕ್ಕೆ ಪರ್ಮಿಟ್ ಬೇಕು. ನಮ್ಮ ದೇಶವೂ ಸೇರಿದಂತೆ ಸಾರ್ಕ್ ಒಕ್ಕೂಟದ ದೇಶದವರಿಗೆ ದರ ಕಮ್ಮಿ, ಪಾಸ್‌ಪೋರ್ಟ್ ತೋರಿಸಿ ಕೇಳಿ. ಅದಕ್ಕಿಂತ ಮೇಲೆ ಹೋಗುವವರು 2,500 ಮೀಟರ್ ದಾಟಿದ ಮೇಲೆ ನಿಧಾನ ಮಾಡಿ. 3,000 ದಾಟಿದರೆ ದಿನಕ್ಕೆ ಮಲಗುವ ಎತ್ತರ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ತಲೆನೋವು, ವಾಂತಿ ಶುರುವಾದರೆ ಹತ್ತುವುದು ನಿಲ್ಲಿಸಿ. ಕಮ್ಮಿಯಾಗದಿದ್ದರೆ ಇಳಿದುಬಿಡಿ. ಸ್ಥಳೀಯ ಗೈಡ್ ಕರೆದುಕೊಂಡು ಹೋಗಿ, ಅವರಿಗೂ ಕೂಲಿ ಆಗುತ್ತದೆ.

ಬೆಟ್ಟದ ಹಳ್ಳಿಯಲ್ಲಿ ನಮ್ಮವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಮುಸುಕಿನ ಜೋಳದ ಸಾಲಿನ ನಡುವೆ ನಾಟಿ ಹಾಕಿದ ಪೈರನ್ನು ನೋಡಿ, ಅದು ರಾಗಿ. ಅವರು ಕೋದೋ ಅನ್ನುತ್ತಾರೆ. ಸಂಜೆ ಒಲೆ ಮುಂದೆ ಕೂತರೆ ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಯುತ್ತಿರುತ್ತದೆ. ಮನೆಯೊಡತಿ ಬಲಗೈಯಲ್ಲಿ ಮರದ ಸಟ್ಟುಗ ಹಿಡಿದು ಎಡಗೈಯಿಂದ ಹಿಟ್ಟು ಉದುರಿಸುತ್ತಾ ತಿರುವುತ್ತಾರೆ. ಬಾಣಲೆ ಅಲುಗದಂತೆ ಕಾಲಿನಿಂದ ಒತ್ತಿ ಹಿಡಿಯುವುದೂ ಉಂಟು. ಬೆಂದದ್ದನ್ನು ಉಂಡೆ ಕಟ್ಟುವುದಿಲ್ಲ, ಹಾಗೇ ತೋಡಿ ತಟ್ಟೆಗೆ ಹಾಕುತ್ತಾರೆ. ನುಚ್ಚು ಹಾಕುವುದಿಲ್ಲ, ನಮ್ಮ ಮುದ್ದೆಗಿಂತ ಸಡಿಲ. ಹೆಸರು ಢಿಂಡೊ. ಪಕ್ಕದಲ್ಲಿ ಗುಂದ್ರುಕ್, ಹುದುಗಿಸಿ ಒಣಗಿಸಿದ ಸೊಪ್ಪಿನ ಹುಳಿ ಸಾರು. ಮುರಿದು, ಸಾರಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಊರಿಗೆ ಬಂದ ವಿದೇಶಿಯರು ತಡಕಾಡುತ್ತಿದ್ದರೆ ಕೋಲಾರದವರು ಎರಡನೇ ಸಲ ಹಾಕಿಸಿಕೊಂಡಿರುತ್ತಾರೆ. ಆಮೇಲೆ ಬೇಡ ಅಂದರೂ ಮನೆಯವರು ಬಿಡುವುದಿಲ್ಲ. ಆ ರಾಗಿಯಿಂದಲೇ ರಕ್ಸಿ ಅನ್ನುವ ಮದ್ಯವನ್ನೂ ಇಳಿಸುತ್ತಾರೆ. ಕೊಟ್ಟರೆ ಕೈಮುಗಿದು ಬೇಡ ಅನ್ನಬಹುದು. ಮಾರನೇ ದಿನ ಶಾಲೆಯಿದ್ದರೆ ಬೇಡ ಅನ್ನಲೇಬೇಕು.

ಅಡುಗೆಮನೆಗೆ ಕರೆಯದೆ ನುಗ್ಗಬೇಡಿ. ಎಂಜಲಿನ ಲೆಕ್ಕ ನಮ್ಮ ಹಳ್ಳಿಯಂತೆಯೇ ಇರುತ್ತದೆ. ನೀರಿನ ಚೊಂಬನ್ನು ಎತ್ತಿ ಕುಡಿಯಿರಿ.

ಹೆಜ್ಜೆ 10: ಹೊರಡುವಾಗ, ಬಂದ ಮೇಲೆ

ಹೊರಡುವ ದಿನಾಂಕವನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ವಿಕ್ರಮ ಶಕೆಯ ಕ್ಯಾಲೆಂಡರ್, ವರ್ಷ ನಮ್ಮದಕ್ಕಿಂತ 56, 57 ಮುಂದಿರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಹೊರಟುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಬಂದ ಮೇಲೆ ಮಕ್ಕಳ ಜೊತೆ ನೇರ ಚಾಟ್, ಖಾಸಗಿ ದುಡ್ಡು ಬೇಡ. ಶಾಲೆಯ ಮೂಲಕ ಪತ್ರ ಬರೆಯಿರಿ, ಕೊಡುವುದಿದ್ದರೆ ಸಂಸ್ಥೆಯ ಖಾತೆಗೆ ಹಾಕಿ ರಸೀದಿ ಕೇಳಿ. ಇಲ್ಲಿಯೂ ಇದೇ ಕೆಲಸ ಮುಂದುವರಿಸಬಹುದು. ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಮಗು ತನ್ನ ಮನೆಯಲ್ಲೇ ಬೆಳೆಯಲಿ ಅಂತ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಗಂಡ ತೀರಿಕೊಂಡ ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಊರಿನಲ್ಲಿ ಅಂಥ ಮನೆ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆದುಕೊಡಿ, ಜೊತೆಗೆ ಹೋಗಿ ಬನ್ನಿ.

ಅಲ್ಲಿ ಬಿಟ್ಟು ಬರಬೇಕಾದ ಒಂದು ವಸ್ತು ಇದೆ, ಒಂದು ನೋಟ್‌ಬುಕ್. ಯಾವ ತರಗತಿಗೆ ಯಾವ ಪಾಠದವರೆಗೆ ಆಯಿತು, ಭಿನ್ನರಾಶಿಯಲ್ಲಿ ಯಾರ್ಯಾರು ಎಲ್ಲಿ ಎಡವುತ್ತಾರೆ, ಪಂಪಿನ ಸ್ವಿಚ್ಚು ಎಲ್ಲಿದೆ, ಡ್ರಿಪ್ಪಿನ ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಎಲ್ಲ ಬರೆದು ಮೇಷ್ಟ್ರ ಕೈಗೆ ಕೊಡಿ. ಹಿಂದಿಯಲ್ಲಿ ಬರೆದರೆ ಅವರಿಗೆ ಓದಲು ಸುಲಭ, ಲಿಪಿ ಒಂದೇ.